ಆಫ್ರಿಕಾಕ್ಕೆ ಹೊರಟ ಭಾವ

ನಮ್ಮ ಭಾವ ಆಫ್ರಿಕಾಕ್ಕೆ ಈವರೆಗೆ ಏನಿಲ್ಲವೆಂದರೂ ಹದಿನೇಳು ಸಲ ಹೊರಟಿದ್ದಾರೆ. ಒಂದು ಸಲವೂ ಗುಂಡ್ಲುಪೇಟೆ ದಾಟಿಲ್ಲ, ಅಷ್ಟೆ! ದಾಟದಿರುವುದಕ್ಕೆ ನಾನೇ ಕಾರಣ ಎಂಬುದು ಅವರ ದೂರು. ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಪಹಣಿ, ಆಧಾರ್, ಸ್ಕಾಲರ್‌ಶಿಪ್ಪಿನ ಅರ್ಜಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ತುಂಬಿಕೊಡುತ್ತೇನೆ. ಹಾಗಾಗಿ, ಮಕ್ಕಳನ್ನು ಕಟ್ಟಿಕೊಂಡು ಆಫ್ರಿಕಾದಲ್ಲಿ ಸಫಾರಿ ಮಾಡಬೇಕೆಂಬ ಹುಚ್ಚು ಪುಣಜನೂರಿನ ನಮ್ಮ ಅಕ್ಕನ ಗಂಡನಿಗೆ ಹತ್ತಿದ ದಿನವೇ, ಆಫ್ರಿಕಾದ ಬಾಗಿಲು ನನ್ನ ಅಂಗಡಿಯಲ್ಲೇ ಇದೆ ಎಂದು ಅವರು ನಂಬಿಬಿಟ್ಟರು.

ಕೂತಲ್ಲಿ ಕೂರುವ ಜನ್ಮವೇ ಅಲ್ಲ ಅದು! ಬೆಳಿಗ್ಗೆ ಪುಣಜನೂರಿನಲ್ಲಿ ಬಸ್ ಹತ್ತಿ, ಚಾಮರಾಜನಗರದಲ್ಲಿ ಇನ್ನೊಂದು ಬಸ್ ಹಿಡಿದು, ನಾನು ಅಂಗಡಿಯ ಷಟರ್ ಎತ್ತುವ ಹೊತ್ತಿಗೆ ಹಾಜರ್. ಸ್ಟೂಲು ಕೊಟ್ಟರೆ ಕೂರುವುದಿಲ್ಲ. ಸ್ಟೇಪ್ಲರ್ ಎತ್ತಿ ನೋಡುತ್ತಾರೆ, ಫ್ಯಾನಿನ ಸ್ವಿಚ್ಚು ತಿರುಗಿಸುತ್ತಾರೆ, ಬೇರೆಯವರ ಜಾತಿ ಪ್ರಮಾಣಪತ್ರ ಓದುತ್ತಾರೆ.

"ಪಾಸ್‌ಪೋರ್ಟ್ ಎಲ್ಲಿಗ್ ಬಂತಮ್ಮಿ?"

"ನಿನ್ನೆ ತಾನೇ ಅರ್ಜಿ ಹಾಕಿದ್ದೀನಿ ಭಾವ!"

"ನಿನ್ನೆಯಿಂದ ಇವತ್ತಿಗೆ ಒಂದ್ ದಿನ ಆಗಲಿಲ್ವಾ?"

ನಾನು ಅವರ ಕೈಯಿಂದ ಸ್ಟೇಪ್ಲರ್ ಕಿತ್ತುಕೊಂಡು ಮೇಜಿನ ಖಾನೆಗೆ ಹಾಕುತ್ತೇನೆ.

ಊರವರು ಸುಮ್ಮನಿರುತ್ತಾರೆಯೇ? ಪುಣಜನೂರು ಇರುವುದೇ ಕಾಡಿನ ಅಂಚಿನಲ್ಲಿ. ಭಾವನ ಜೋಳದ ಹೊಲಕ್ಕೂ ಕಾಡಿಗೂ ನಡುವೆ ಆನೆ ದಾಟದಿರಲೆಂದು ತೋಡಿದ ಒಂದು ಕಂದಕ, ಅಷ್ಟೇ. ಆನೆ ಬಾರದ ವಾರವಿಲ್ಲ. "ಆನೆ ನೋಡಕೆ ಏರೋಪ್ಲೇನ್ ಹತ್ಬೇಕಾ? ಹಿತ್ಲು ಬಾಗ್ಲು ತೆಗೀರಿ ಸಾಕು!" ಎಂದು ಅಕ್ಕನೇ ಹಂಗಿಸುತ್ತಾಳೆ. ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸಪ್ಪ, "ಯಾವ ಕೆಲಸದ ಮೇಲೆ ಹೋಗ್ತಿದ್ದೀರಿ?" ಎಂದು ಕೇಳಿದನಂತೆ. "ಆನೆ ನೋಡಕೆ" ಎಂದರಂತೆ ಇವರು. ಅವನು, ಆನೆ ಬೀಳಿಸಿದ ಹಿತ್ತಲ ಗೋಡೆಯನ್ನೊಮ್ಮೆ, ಭಾವನನ್ನೊಮ್ಮೆ ನೋಡಿ, ಇನ್ನೊಂದು ಲೋಟ ನೀರು ಕೇಳಿ ಕುಡಿದನಂತೆ!

ಆ ಗೋಡೆಯೇ ಈ ಎಲ್ಲ ಹುಚ್ಚಿನ ಮೂಲ. ಹೋದ ವರ್ಷ ಹಲಸಿನ ಕಾಲದಲ್ಲಿ ಆನೆಯೊಂದು ಕಂದಕ ದಾಟಿ ಬಂದು ಅದನ್ನು ಕೆಡವಿತು. ಅಂದಿನಿಂದ ಭಾವನ ಕಿರಿಮಗಳು ಬೃಂದಾ, ಏಳು ವರ್ಷದ ಕೂಸು, ಒಬ್ಬಳೇ ಬಚ್ಚಲಿಗೂ ಹೋಗಳು. ನಾಯಿ ಬೊಗಳಿದರೆ ಮಂಚದ ಕೆಳಗೆ. ಶಾಲೆಗೆ ಹೋಗುವಾಗಲೂ ಅಕ್ಕನ ಸೆರಗು ಬಿಡಳು. ನೋಡಿ ನೋಡಿ ಸಾಕಾಗಿ ಅಕ್ಕ, "ಜೂನ್‌ನಿಂದ ಇವಳು ನಿನ್ನ ಮನೇಲೇ ಇರ್ಲಿ. ಗುಂಡ್ಲುಪೇಟೇಲೇ ಓದ್ಲಿ" ಎಂದು ತೀರ್ಮಾನಿಸಿದಳು. ಭಾವನಿಗೆ ಅದೊಂದು ಮಾತ್ರ ಬೇಡ.

"ಮಗೀನ ಮನೆ ಬುಡ್ಸಿದ್ರೆ ಭಯ ಓಯ್ತದಾ? ಒಂದ್ಸಲ ಆನೆನ ನೆಟ್ಟಗೆ ನೋಡ್ಬುಟ್ರೆ ಅದೇ ಓಯ್ತದೆ ಕಣಮ್ಮಿ."

"ಅದಕ್ಕೆ ಆಫ್ರಿಕಾ ಯಾಕೆ ಭಾವ?"

"ಇಲ್ಲಿ ನೋಡಕೆ ಯಾರ್ ಬುಡ್ತಾರೆ? ಕಂಡೇಟ್ಗೇ ಓಡ್ಸದೇ ಆಯ್ತು. ಅಲ್ಲಿ ಸುಮ್ನೆ ಗಾಡೀಲಿ ಕುಂತ್ಕಂಡು ನೋಡ್ತಾರಂತೆ. ಯಾರ್ದೂ ಜೋಳ ಓಗಲ್ಲ!"

ಅಂದರೆ ಜೂನ್ ಬರುವುದರೊಳಗೆ ಆಫ್ರಿಕಾ ಮುಗಿಯಬೇಕು. ಅವರ ಕಾಲಿಗೆ ಚಕ್ರ ಕಟ್ಟಿದ್ದು ಅದಕ್ಕೇ.

ಒಂದು ದಿನ ನನ್ನ ಅಂಗಡಿಯಿಂದಲೇ ಯಾವುದೋ ಪ್ರವಾಸ ಏಜೆಂಟನಿಗೆ ಫೋನು ಹಚ್ಚಿಸಿಕೊಂಡರು. "ಸ್ವಾಮಿ, ಟೆಂಟ್ ಸುತ್ತ ಕಂದಕ ಎಷ್ಟು ಅಡಿ ತೋಡೀರಿ? ಸೋಲಾರ್ ಬೇಲಿ ಅದಾ?" ಆ ಕಡೆಯ ಹುಡುಗಿ ಬಹಳ ನಯವಾಗಿ, "ಬೇಲಿ ಇಲ್ಲ ಸರ್. ಪ್ರಾಣಿಗಳು ಟೆಂಟಿನ ಪಕ್ಕದಲ್ಲೇ ಓಡಾಡ್ತವೆ. ಅದೇ ನಮ್ಮ ವಿಶೇಷ" ಎಂದಳು. ಭಾವ ರೇಗಿದರು. "ನಮ್ಮೂರಲ್ಲೂ ಅಂಗೇ ಓಡಾಡ್ತವೆ ಕಣವ್ವ. ಅದ್ಕೆ ನಾವು ಯಾರತ್ರನೂ ಕಾಸು ಈಸ್ಕಳಲ್ಲ!"

ಆದರೆ ಅಲ್ಲಿಯ ರೈತರೂ ರಾಗಿ ಬೆಳೆಯುತ್ತಾರೆಂದು ಗೊತ್ತಾದ ದಿನ ಕೋಪವೆಲ್ಲ ಇಳಿಯಿತು. "ರಾಗಿ ತಿನ್ನೋರಾ! ಅಂದ್ಮೇಲೆ ನೆಂಟ್ರು ಮನೆಗೆ ಓದಂಗೆ ಬುಡು" ಎಂದು, ಬರಿಗೈಲಿ ಹೋಗಬಾರದೆಂದು ಒಂದು ಬಾಳೆಗೊನೆಯನ್ನೂ ಒಯ್ಯುವ ಸಾಮಾನಿನ ಪಟ್ಟಿಗೆ ಸೇರಿಸಿದರು.

ಆಮೇಲೆ ಬಟ್ಟೆ. ಸಫಾರಿಗೆ ಮಣ್ಣಿನ ಬಣ್ಣದ್ದೇ ಆಗಬೇಕೆಂದು ಯಾರೋ ಹೇಳಿದ್ದರು. ತಮ್ಮಿಬ್ಬರು ಹೆಣ್ಣುಮಕ್ಕಳನ್ನೂ ನನ್ನ ಮಗ ತೇಜುವನ್ನೂ ಚಾಮರಾಜನಗರದ ಹಳೆಯ ದರ್ಜಿ ಸಾಹೇಬರ ಮುಂದೆ ಸಾಲಾಗಿ ನಿಲ್ಲಿಸಿ, ಖಾಕಿ ಬಟ್ಟೆಯ ಥಾನನ್ನೇ ಬಿಚ್ಚಿಸಿದರು. ಸಾಹೇಬರು ಟೇಪು ಹಿಡಿದು ಮೂವರನ್ನೂ ಅಳೆದು, ಕನ್ನಡಕದ ಮೇಲಿಂದ ನೋಡಿ ಕೇಳಿದ್ದು ಒಂದೇ ಮಾತು: "ಇಷ್ಟು ಚಿಕ್ಕ ವಯಸ್ಸಿಗೇ ಕಂಡಕ್ಟರ್ ಕೆಲಸ ಆಯ್ತಾ? ಯಾವ ಡಿಪೋ ಸ್ವಾಮಿ?"

ಮೇ ತಿಂಗಳ ಕೊನೆ ಬಂತು. ಪಾಸ್‌ಪೋರ್ಟ್ ಬರಲಿಲ್ಲ. ಬೃಂದಾಳನ್ನು ಕರೆತರಲು ನಾನು ತೇಜುವಿನೊಂದಿಗೆ ಪುಣಜನೂರಿಗೆ ಹೋದೆ. ಅಕ್ಕ ಅವಳ ಫ್ರಾಕುಗಳನ್ನು ಮಡಿಸಿ ಬ್ಯಾಗಿಗೆ ತುಂಬಿಟ್ಟಿದ್ದಳು. ಭಾವ ನನ್ನನ್ನು ಕಂಡವರೇ, "ಸಂಜೆ ಬಸ್ಸಿಗ್ ಓಗಿರಂತೆ. ಈಗ ಒಂದ್ ತಾಲೀಮು ಮಾಡ್ಬುಡನ" ಎಂದರು. ಪಕ್ಕದ ಮನೆಯವರ ಲಗೇಜ್ ಆಟೋ ಹೊಲದ ಬದುವಿನ ಪಕ್ಕ ನಿಂತಿತ್ತು. ಹಿಂದೆ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳನ್ನು ಹಗ್ಗದಲ್ಲಿ ಬಿಗಿದಿದ್ದರು. ಅದೇ ಆಫ್ರಿಕಾ!

ಖಾಕಿ ತೊಟ್ಟ ಮೂರು ಕಂಡಕ್ಟರುಗಳೂ ಭಾವನೂ ನಾನೂ ಹತ್ತಿದೆವು. ಬೃಂದಾ ಅಪ್ಪನ ತೊಡೆಯೇರಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. "ಏನೇ ಕಂಡ್ರೂ ಉಸ್ರು ಬುಡಂಗಿಲ್ಲ. ಸುಮ್ನೆ ನೋಡದು, ಅಷ್ಟೇಯ" ಎಂದು ಭಾವ ಆಜ್ಞೆ ಮಾಡಿದರು. ಆ ಆಜ್ಞೆಯನ್ನು ಐದು ನಿಮಿಷಕ್ಕೊಮ್ಮೆ ಊರಿಗೆಲ್ಲ ಕೇಳುವಂತೆ ಜ್ಞಾಪಿಸುತ್ತಲೂ ಇದ್ದರು.

ಇಳಿಬಿಸಿಲಿಗೆ, ಕಂದಕದ ಆಚೆ, ಲಂಟಾನಾ ಪೊದೆ ಅಲುಗಿತು. ಬಂತು! ತಾಯಾನೆ, ಅದರ ಕಾಲ ಸಂದಿಯಲ್ಲಿ ಒಂದು ಮರಿ.

ಮೊದಲು ಕೂಗಿದವರು ಯಾರು ಗೊತ್ತೇ? ಭಾವ! "ಹೋಯ್! ಹೋಯ್! ಬಂತು ಕಣ್ರೋ!" ಹಿರಿಮಗಳು ಸಿಂಚನಾ ಟಿಫನ್ ಡಬ್ಬಿಯಿಂದ ಆಟೋದ ತಗಡನ್ನು ಬಡಿದಳು. ತೇಜು ಸಿಳ್ಳೆ ಹೊಡೆದ. ಮನೆಯ ಕಡೆಯಿಂದ ಅಕ್ಕ ತಟ್ಟೆ ಬಾರಿಸುವುದು ಕೇಳಿಸಿತು. ಅಕ್ಕಪಕ್ಕದ ಹೊಲದವರೂ ದನಿಗೂಡಿಸಿದರು. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನಾನು ಎದ್ದು ನಿಂತು, ಗಂಟಲು ಹರಿಯುವಂತೆ "ಹೂಊಊ" ಎನ್ನುತ್ತಿದ್ದೆ! ನಮ್ಮ ಕಡೆ ಹುಟ್ಟಿ ಬೆಳೆದವರಿಗೆ ಆನೆ ಕಂಡರೆ ಬಾಯಿ ತಾನಾಗಿಯೇ ತೆರೆಯುತ್ತದೆ. ತಾಯಾನೆ ಬೆದರಿ ತಿರುಗಿ, ಸೊಂಡಿಲಿನಿಂದ ಮರಿಯನ್ನು ಮುಂದಕ್ಕೆ ನೂಕಿಕೊಂಡು ಕಾಡಿನೊಳಗೆ ಓಡಿತು.

ಗದ್ದಲ ಅಡಗಿತು. "ಆಫ್ರಿಕಾದಲ್ಲಿ ಹಿಂಗೇ ಮಾಡಿದ್ರೆ ಅದೇ ವಿಮಾನದಲ್ಲಿ ವಾಪಸ್ ಕಳಿಸ್ತಾರೆ ಭಾವ!" ಎಂದೆ. ಅವರು ನಗಲಿಲ್ಲ. ಮೊದಲ ಬಾರಿಗೆ ಕೈಕಾಲು ಆಡಿಸದೆ ಕೂತಿದ್ದರು.

"ನಲವತ್ತಾರು ವರ್ಸ ಆಯ್ತು ಕಣಮ್ಮಿ ನಂಗೆ. ಹುಟ್ದಾಗ್ಲಿಂದ ಆನೆ ಕಂಡಿವ್ನಿ. ಅದ್ರ ಕಣ್ಣು ಎಂಗದೆ ಅಂತ ಕೇಳು, ಗೊತ್ತಿಲ್ಲ. ನಾವು ಕಂಡಿರದೆಲ್ಲ ಬೆನ್ನೇಯ."

ನನಗೆ ಇಷ್ಟು ದಿನ ಈ ಮನುಷ್ಯನನ್ನು ನೋಡಿ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಆಗ ನೋಡಿದರೆ ಬೃಂದಾಳ ಕಣ್ಣು ತೆರೆದಿತ್ತು. ಯಾವಾಗ ತೆರೆದಳೋ! "ಅಪ್ಪಾ, ಅದು ಓಡೋಯ್ತಲ್ಲ... ಅದ್ಕೂ ನಮ್ಮ ಕಂಡ್ರೆ ಭಯಾನಾ?"

"ಊಂ ಕಣವ್ವ. ನಮ್ಗಿಂತ ಜಾಸ್ತಿ."

"ಮರೀಗೂನಾ?"

"ಮರೀಗೂ."

ಅವಳು ಕಾಡಿನ ಕಡೆಗೊಮ್ಮೆ ನೆಟ್ಟಗೆ ನೋಡಿದಳು. ಆಮೇಲೆ ಅಪ್ಪನ ತೊಡೆಯಿಂದ ಇಳಿದು, ಯಾರ ಕೈಯನ್ನೂ ಹಿಡಿಯದೆ, ಬದುವಿನ ಮೇಲೆ ಮನೆಯವರೆಗೂ ಒಬ್ಬಳೇ ನಡೆದಳು. ನಾವು ಹಿಂದೆ ಹಿಂದೆ ಹೋದೆವು. ಭಾವ ಅಂಗಿಯ ತೋಳಿನಲ್ಲಿ ಎರಡು ಸಲ ಮುಖ ಒರೆಸಿಕೊಂಡರು.

ನಾವು ಒಳಗೆ ಕಾಲಿಡುವಷ್ಟರಲ್ಲಿ ಅವಳು ಬ್ಯಾಗು ಬಿಚ್ಚಿ, ಫ್ರಾಕುಗಳನ್ನು ಒಂದೊಂದಾಗಿ ಗೂಟಕ್ಕೆ ನೇತುಹಾಕುತ್ತಿದ್ದಳು. "ಯಾಕಮ್ಮಿ, ಬಸ್ಸಿಗ್ ಹೊತ್ತಾಯ್ತು!" ಎಂದಳು ಅಕ್ಕ.

"ನಾ ಓಗಲ್ಲ. ಆ ಮರಿ ಮತ್ತೆ ಬತ್ತದೆ, ಅಪ್ಪ ಮತ್ತೆ ಕೂಗ್ತಾರೆ. ಕೂಗ್ಬ್ಯಾಡಿ ಅನ್ನಕೆ ಇಲ್ಲಿ ಯಾರಾದ್ರೂ ಇರ್ಬೇಕಲ್ವಾ?"