ಕಡತದ ಮಾಲೀಕರು ಖುದ್ದಾಗಿ ಹಾಜರಾಗತಕ್ಕದ್ದು

ಮತ್ತೋಡಿನ ಓಬಮ್ಮನವರ ವಾಸದೃಢೀಕರಣ ಪತ್ರವು ನಮ್ಮ ಹೊಸದುರ್ಗದ ತಾಲ್ಲೂಕು ಕಚೇರಿಯ ಗಣಕ ಘಟಕದಲ್ಲಿ ಸಿದ್ಧವಾಗಿದ್ದು, ಅದನ್ನು ತೆರೆಯುವ ಅಧಿಕಾರ ಮಾತ್ರ ಭೂಮಿಯ ಮೇಲೆ ಯಾರಿಗೂ ಇರುವುದಿಲ್ಲ.

ಘಟಕದ ಕಂಪ್ಯೂಟರಿನಲ್ಲಿರುವುದು ವಿಂಡೋಸ್. ಕಡತಗಳನ್ನು ಮಾತ್ರ ಯುನಿಕ್ಸ್ ಎಂಬ ಬೇರೆಯೇ ವ್ಯವಸ್ಥೆಯ ಸಲಕರಣೆಗಳಿಂದಲೇ ನಕಲು ಮಾಡಬೇಕೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ವಿಂಡೋಸಿನ ಮನೆಯಲ್ಲಿ ಯುನಿಕ್ಸ್ ಬಾಡಿಗೆಗೆ ಬಂದು ಕೂತಿತು. ಈ ಪತ್ರವನ್ನು ನಕಲು ಮಾಡಿ, ಆ ಲೆಕ್ಕದಲ್ಲಿ ಅದರ ಮಾಲೀಕರಾಗಿದ್ದ ತಂತ್ರಜ್ಞರು ಹಿರಿಯೂರಿಗೆ ವರ್ಗವಾದರು, ಅವರ ಲಾಗಿನ್ ಅಳಿಸಿದೆವು. ಅಂದಿನಿಂದ ಕಡತದ ಮಾಲೀಕರ ಜಾಗದಲ್ಲಿ ‘ಅಪರಿಚಿತ ಬಳಕೆದಾರ’ ಎಂದು ಬರುತ್ತಿದೆ. ತೆರೆಯಲು ಹೋದವರಿಗೆ ಅನುಮತಿ ಇಲ್ಲ.

ಓಬಮ್ಮನವರಿಗೆ ಊರಿನ ಅಂಗನವಾಡಿ ಸಹಾಯಕಿ ಹುದ್ದೆ ಬೇಕಿತ್ತು. ಅದೇ ಊರಿನವರೆಂಬ ಪತ್ರವನ್ನು ಶುಕ್ರವಾರದೊಳಗೆ ಕೊಡಬೇಕಿತ್ತು.

“ನಾನು ಹುಟ್ಟಿದ್ದೂ ಮತ್ತೋಡೇ, ಕೊಟ್ಟಿದ್ದೂ ಮತ್ತೋಡಿಗೇ. ಆ ಪೇಪರ್ ಒಂದು ಕೊಡ್ರಿ ಸಾರ್.”

“ಪೇಪರ್ ಐತಮ್ಮ,” ಎಂದರು ಗುಮಾಸ್ತ ಲಕ್ಷ್ಮೀಕಾಂತ್. “ಆದ್ರೆ ಅದರ ಮಾಲೀಕರು ನೀವಲ್ಲ.”

“ನನ್ನ ಹೆಸರೇ ಐತಲ್ರಿ ಅದರಾಗೆ?”

“ಹೆಸರು ಒಳಗೈತೆ. ಮಾಲೀಕತ್ವ ಹೊರಗೈತೆ.”

ಅಧಿಕಾರಿ ಉಷಾರಾಣಿ ಮೇಡಂ ದಯಾಳುಗಳು. ಸರ್ವರಿಗೂ ಸಕಲ ಅನುಮತಿ ಕೊಡಿ ಎಂದರು. ಲಕ್ಷ್ಮೀಕಾಂತ್ ಯುನಿಕ್ಸಿನಲ್ಲಿ ಅದಕ್ಕೆಂದೇ ಇರುವ 777 ಎಂಬ ಆಜ್ಞೆ ಹೊಡೆದರು. ಯುನಿಕ್ಸ್ ಚಕಾರವೆತ್ತದೆ ಒಪ್ಪಿಕೊಂಡಿತು, ವಿಂಡೋಸ್ ಕ್ಯಾರೇ ಅನ್ನಲಿಲ್ಲ. ಕಡತ ಇದ್ದ ಹಾಗೇ ಇತ್ತು. ಆಜ್ಞೆಯೂ ಪಾಲನೆಯಾಗಿ, ಏನೂ ಬದಲಾಗದ ಈ ಏರ್ಪಾಡು ನಮ್ಮ ಹಿರಿಯ ನೌಕರರಿಗೆ ಬಹಳ ಹಿಡಿಸಿತು.

ವಿಂಡೋಸಿನಲ್ಲಿ ಮಾಲೀಕತ್ವ ವಹಿಸಿಕೊಳ್ಳುವ ಗುಂಡಿ ಒಂದಿದೆ. ಒತ್ತಿದರೆ ಆಯಿತು.

“ನಾನು ಒತ್ತಿದ್ರೆ ಆಯಮ್ಮನ ಕಡತ ನಂದಾಗ್ತತಿ ಮೇಡಂ. ನಾಳೆ ಆಡಿಟ್‌ನೋರು ಬಂದು ಕೇಳಿದ್ರೆ?” ಎಂದರು ಲಕ್ಷ್ಮೀಕಾಂತ್.

ಮೇಡಂ ಒತ್ತಲಿಲ್ಲ. ಪಕ್ಕದ ಮೇಜಿನಲ್ಲಿದ್ದ ನಾನೂ ಒತ್ತಲಿಲ್ಲ. ನಾಚಿಕೆಯಾಯಿತು, ಆದರೆ ನಾಚಿಕೆಗೆ ನಮ್ಮಲ್ಲಿ ನಮೂನೆ ಇಲ್ಲ.

ಕೊನೆಗೆ ಸೂಚನಾ ಫಲಕದಲ್ಲಿ ಪ್ರಕಟಣೆ ಅಂಟಿಸಲಾಯಿತು: “ಅಪರಿಚಿತ ಬಳಕೆದಾರ ಎಂಬುವರು ಗುರುವಾರ ಹನ್ನೊಂದು ಗಂಟೆಗೆ ಗುರುತಿನ ಚೀಟಿ ಸಮೇತ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಸದರಿಯವರ ತಕರಾರು ಏನೂ ಇಲ್ಲವೆಂದು ಭಾವಿಸಲಾಗುವುದು.”

ಓಬಮ್ಮನವರು ಒಂಬತ್ತಕ್ಕೇ ಬಂದು ಬಾಗಿಲಲ್ಲಿ ಕೂತರು. ಒಳಗೆ ಬಂದವರನ್ನೆಲ್ಲ “ನೀವೇ ಏನ್ರಿ ಅವರು?” ಎಂದು ವಿಚಾರಿಸಿದರು. ಅವರು ಬರಲಿಲ್ಲ. ಮಾಲೀಕರಾಗಿರಲು ಅವರಿಗೆ ತಕರಾರಿಲ್ಲವೆಂದು ದಾಖಲಿಸಲಾಯಿತು.

ಶುಕ್ರವಾರ ಆಯ್ಕೆ ಸಮಿತಿಗೆ ಪತ್ರ ಕಳಿಸಲಾಗದೆ ಕಡತದ ಹೊರಗಿನ ವಿವರ ಮಾತ್ರ ಕಳಿಸಿದೆವು. ಅದರಲ್ಲಿ ಇದ್ದದ್ದು ಒಂದೇ ಹೆಸರು. ಮತ್ತೋಡಿನ ಅಂಗನವಾಡಿ ಸಹಾಯಕಿಯಾಗಿ ಅಪರಿಚಿತ ಬಳಕೆದಾರ ನೇಮಕಗೊಂಡರು. ಅವರು ಬಂದು ಕರ್ತವ್ಯಕ್ಕೆ ಸೇರುವ ತನಕ ಮಕ್ಕಳು ಉಪವಾಸ ಇರಬಾರದೆಂದು, ಅವರ ಪರವಾಗಿ ಕೆಲಸ ಮಾಡಲು ಓಬಮ್ಮನವರಿಗೆ ಮೌಖಿಕವಾಗಿ ತಿಳಿಸಲಾಯಿತು.

ಈಗ ಎಂಟು ತಿಂಗಳು. ಓಬಮ್ಮನವರು ದಿನಾ ಕಸ ಗುಡಿಸಿ, ಉಪ್ಪಿಟ್ಟು ಮಾಡಿ, ಹಾಜರಿ ಪುಸ್ತಕದಲ್ಲಿ ‘ಅ.ಬ. ಪರವಾಗಿ’ ಎಂದು ಸಹಿ ಹಾಕುತ್ತಾರೆ. ಮೊನ್ನೆ ಬಸ್ಸಿನಲ್ಲಿ ಸಿಕ್ಕಿದ್ದರು. ಅಪರಿಚಿತ ಬಳಕೆದಾರರು ಬರುವ ಲಕ್ಷಣ ಇನ್ನೂ ಇಲ್ಲ ಎಂದು ನಾನೇ ತಪ್ಪೊಪ್ಪಿಕೊಂಡೆ.

“ಬರದಿದ್ರೆ ಬಿಡ್ರಿ ಸಾರ್,” ಎಂದರು. “ದೇವರಂಥ ಮನುಷ್ಯ. ನಾನು ಅವರ ಕೆಲಸ ಮಾಡ್ತಿದ್ರೂ ಒಂದಿನ ಬೇಡ ಅಂದಿಲ್ಲ.”