ಬೇಡ ಅಂದರೆ ಬೇಡ

ಜರ್ಮನಿಯಲ್ಲಿ ಒಂದು ನಿಯಮವಿದೆ. ಅಲ್ಲಿ ಒಂದೇ ಸಲ ಕೇಳುತ್ತಾರೆ. ಬೇಕಾದರೆ ಬೇಕು ಅನ್ನಬೇಕು, ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಅಲ್ಲಿಗೆ ಕೆಲಸಕ್ಕೆ ಹೋಗುವ ನರ್ಸ್‌ಗಳಿಗೆ ತುಮಕೂರಿನ ಕ್ಯಾತ್ಸಂದ್ರದಲ್ಲಿ ಆ ದೇಶದ ಪರಿಚಯ ಮಾಡಿಕೊಡುವುದು ನನ್ನ ಕೆಲಸ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಟ್ರೇನಿಗೆ ಹೊತ್ತಿಗೆ ಮುಂಚೆ ಹೋಗಬೇಕು ಎಂದರೆ ಬರೆದುಕೊಳ್ಳುತ್ತಾರೆ. ಇದೊಂದನ್ನು ಮಾತ್ರ ಬರೆದುಕೊಂಡೂ ಮುರಿಯುತ್ತಾರೆ. ಮುರಿಯದ ಬ್ಯಾಚನ್ನು ನಾನಿನ್ನೂ ಕಂಡಿಲ್ಲ.

ಕಾಫಿ ಪರೀಕ್ಷೆ

ಪಾಠ ಮುಗಿಸಿ ಫ್ಲಾಸ್ಕ್ ತೆಗೆದು ಎಲ್ಲರನ್ನೂ ಒಂದೊಂದು ಸಲ ಕೇಳಿದೆ. "ಬೇಡ ಸಾರ್", "ಪರವಾಗಿಲ್ಲ ಸಾರ್", "ಈಗ ತಾನೇ ಆಯ್ತು ಸಾರ್." ಸರಿ ಎಂದು ನನ್ನ ಲೋಟ ತುಂಬಿಸಿಕೊಂಡು ಉಳಿದದ್ದನ್ನು ವಾಚ್‌ಮನ್‌ಗೆ ಕಳಿಸಿದೆ. ಎಲ್ಲರ ಕಣ್ಣೂ ಫ್ಲಾಸ್ಕಿನ ಹಿಂದೆಯೇ ಬಾಗಿಲ ತನಕ ಹೋದವು.

"ಇನ್ನೊಂದ್ಸಲ ಕೇಳ್ತೀರ ಅನ್ಕೊಂಡ್ವಿ ಸಾರ್."

"ಜರ್ಮನಿಯಲ್ಲಿ ಕೇಳಲ್ಲ."

"ಅಲ್ಲಿಗೆ ಹೋದ್ಮೇಲೆ ಹೂಂ ಅಂತೀವಿ ಸಾರ್. ಇದು ತುಮಕೂರಲ್ವಾ?"

ಗುಬ್ಬಿಯವನ ಚಿತ್ರಾನ್ನ

ಗುಬ್ಬಿಯ ಒಬ್ಬ ಹುಡುಗ ಜರ್ಮನಿಗೆ ಹೋಗಿ ಕೆಲಸಕ್ಕೆ ಸೇರಿದ. ಕೆಳಗಿನ ಮನೆಯ ಮುದುಕರು ಕರೆದು ಕೇಕ್ ಬೇಕಾ ಎಂದರಂತೆ. ಇವನು ಅಭ್ಯಾಸಬಲದಿಂದ ಬೇಡ ಅಂದ. ಕೇಕ್ ಒಳಗೆ ಹೋಯಿತು, ವಾಪಸ್ ಬರಲೇ ಇಲ್ಲ.

"ಪಾಠ ಕಲಿತೆಯಲ್ಲ?" ಎಂದೆ ಫೋನಿನಲ್ಲಿ.

"ಕಲಿತೆ ಸಾರ್. ಮುಂದಿನ ವಾರ ಅವ್ರನ್ನ ನಾನೇ ಊಟಕ್ಕೆ ಕರೆದೆ. ಒಂದ್ಸಲ ಚಿತ್ರಾನ್ನ ತಿಂದು ಸಾಕು ಅಂದ್ರು. ಬಿಡ್ತೀನಾ? ಬಡಿಸ್ದೆ."

"ಯಾಕೋ?"

"ಪಾಪ, ಸಂಕೋಚ ಅನ್ನಿಸ್ತು ಸಾರ್. ಮೂರು ಸಲ ಬಡಿಸ್ದೆ. ಈಗ ಮೆಟ್ಟಿಲಲ್ಲಿ ಸಿಕ್ಕಿದ್ರೆ, ನಾನು ನಮಸ್ಕಾರ ಅನ್ನೋಕ್ ಮುಂಚೆನೇ 'ಊಟ ಆಗಿದೆ' ಅಂತಾರೆ."

ಕುಣಿಗಲ್‌ನಲ್ಲಿ ಒಬ್ಬಟ್ಟು

ಜರ್ಮನಿಯ ಒಂದು ವೃದ್ಧಾಶ್ರಮದ ಮೇಟ್ರನ್ ನರ್ಸ್‌ಗಳನ್ನು ಆರಿಸಲು ಬಂದಿದ್ದರು. ಉಳಿದಿದ್ದು ಒಂದೇ ಜಾಗ, ಮನಸ್ಸಿನಲ್ಲಿದ್ದವಳು ಕುಣಿಗಲ್‌ನ ಹುಡುಗಿ. ಅವಳ ಮನೆಗೆ ಊಟಕ್ಕೆ ಹೋಗುವಾಗ ಕಾರಿನಲ್ಲಿ ಹೇಳಿದರು: "ನಮ್ಮ ವೃದ್ಧರು ಬೇಡ ಅಂದರೆ ಕೇಳಿಸಿಕೊಳ್ಳುವವಳು ಬೇಕು. ಅದು ಸರ್ಟಿಫಿಕೇಟಿನಲ್ಲಿ ಕಾಣುವುದಿಲ್ಲ." ನಾನು ತಕ್ಷಣ ಹುಡುಗಿಗೆ ಫೋನ್ ಮಾಡಿ ಎಚ್ಚರಿಸಿದೆ. ಅವಳು ತಾಯಿಗೆ ಹೇಳಿದ್ದು, ತಾಯಿ "ಆಯ್ತು ಬುಡು" ಅಂದಿದ್ದು ನನಗೇ ಕೇಳಿಸಿತು.

ಎಲೆ ಹಾಕಿದರು. ಎರಡು ಒಬ್ಬಟ್ಟು ತಿಂದು ಮೇಟ್ರನ್ ಬೇಡವೆಂದು ತಲೆಯಾಡಿಸಿದರು. ಮೂರನೆಯದು ಬಿತ್ತು. ಎಲೆಗೆ ಕೈ ಅಡ್ಡ ಇಟ್ಟರು. ತುಪ್ಪ ಕೈಮೇಲೆ ಬಿತ್ತು.

"ಬ್ಯಾಡ ಅಂತವ್ರಲ್ಲ?" ಎಂದರು ಹುಡುಗಿಯ ತಂದೆ.

"ಬ್ಯಾಡ ಅನ್ದೆ ಇನ್ನೇನಂದಾರು? ಮೊದಲ್ನೇ ಸಲ ಬಂದವ್ರೆ," ಎಂದಿತು ಅಜ್ಜಿ.

"ಇಟ್ಸ್ ವೆರಿ ಲೈಟ್, ಮೇಡಂ," ಎಂದು ನಾನೂ ಒಂದು ಮಾತು ಸೇರಿಸಿದೆ.

ಕೊನೆಗೆ ಮೇಟ್ರನ್, ನಾನೇ ಕಲಿಸಿದ್ದ ಒಂದೇ ಕನ್ನಡ ಪದವನ್ನು ಪ್ರಯೋಗಿಸಿದರು. "ಸಾಕು."

"ಅಯ್ಯೋ, ಎಷ್ಟ್ ಚೆನ್ನಾಗ್ ಕನ್ನಡ ಮಾತಾಡ್ತಾರೆ," ಎಂದು ತಾಯಿ ಹಿಗ್ಗಿ ನಾಲ್ಕನೆಯದನ್ನು ಎತ್ತಿದರು.

ಹುಡುಗಿ ಬಂದು ತಾಯಿಯ ಕೈಯಿಂದ ಒಬ್ಬಟ್ಟಿನ ತಟ್ಟೆಯನ್ನೇ ಕಿತ್ತುಕೊಂಡಳು.

"ಬೇಡ ಅಂದ್ರು, ಅಮ್ಮ."

"ಒಂದೇ ಕಣೇ. ಮನೆಗ್ ಬಂದವ್ರಿಗೆ ಕೈ ಬಿಗಿ ಹಿಡಿದು ಬಡಿಸಿದ್ರು ಅಂತಾರೆ. ಕೊಡೇ ಇತ್ಲಾಗೆ."

"ಬೇಡ ಅಂದ್ರು."

ತಟ್ಟೆಯನ್ನು ಅಡುಗೆಮನೆಯೊಳಗಿಟ್ಟು, ಹೊರಗಿನಿಂದ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಮೇಟ್ರನ್ ಎಲೆಯಿಂದ ಕೈ ತೆಗೆದು, ತುಪ್ಪ ಒರೆಸಿಕೊಂಡು, "ಈ ಹುಡುಗಿಯೇ ಬೇಕು," ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಮಗ್ಳು ಸೆಲೆಕ್ಟ್ ಆದ್ಲು. ಮೇಡಂ ಬಾಯಿ ಸಿಹಿ ಮಾಡ್ಬೇಕು. ತೆಗಿಯೇ ಬಾಗ್ಲು."

ಅವಳು ತೆಗೆಯಲಿಲ್ಲ.