ಯಾರ ಮನಿ ವಾಟಿ?

ನಮ್ಮ ವೈನಿಯವರ ಹತ್ತಿರ ಒಂದು ವಾಟಿ, ಅಂದರೆ ಒಂದು ಬಟ್ಟಲು, ಸಕ್ಕರೆ ಕೇಳುವ ಧೈರ್ಯ ಇಡೀ ಚಿಕ್ಕೋಡಿಯಲ್ಲಿ ಯಾರಿಗೂ ಇಲ್ಲ. ಜಿಪುಣಿಯೇ? ಛೇ, ಡಬ್ಬಿಗಟ್ಟಲೆ ಕೊಡುತ್ತಾರೆ! ಆದರೆ ಮೊದಲು ಒಂದು ಪ್ರಶ್ನೆ. ಪಕ್ಕದ ಮನೆಯ ಕಾಕೂ ಒಮ್ಮೆ ಬಂದು ಕೇಳಿದಾಗ ವೈನಿ ಅಂದದ್ದು:

“ಯಾರ ಮನಿ ವಾಟಿರಿ ಕಾಕೂ? ನಮ್ದೊ, ನಿಮ್ದೊ? ನಿಮ್ದು ದೊಡ್ಡದೈತಿ.”

ಕಾಕೂ ಆವತ್ತಿನಿಂದ ಸಕ್ಕರೆಯಿಲ್ಲದ ಚಹಾ ಕುಡಿಯುತ್ತಾರೆ.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ, ನಿಪ್ಪಾಣಿಯವರು. ದಿನಾ ಬಸ್ಸಿನಲ್ಲಿ ರಾಯಬಾಗಕ್ಕೆ ಹೋಗಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾರೆ. ನಾನೂ ಕಂಪ್ಯೂಟರ್ ಮಾಸ್ತರನೇ, ಇಲ್ಲೇ ಊರಿನ ಕಾಲೇಜಿನಲ್ಲಿ. ಆದರೆ ನಮ್ಮವ್ವ ಬಂದವರ ಮುಂದೆ ಹೇಳುವುದೇನು?

“ನಮ್ಮ ಸೊಸಿ ಹೆಸರ ದುನಿಯಾದ ಎಲ್ಲಾ ಕಂಪ್ಯೂಟರದಾಗ ಐತ್ರಿ! ಇಂವಾ? ಇಂವಾ ಇಲ್ಲೇ ಅದಾನ.”

ಸಂಗತಿ ಇಷ್ಟೇ. ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಕಾರಭಾರಿಗೆ ಕರ್ನೆಲ್ ಎನ್ನುತ್ತಾರೆ. ಜಗತ್ತಿನವರೆಲ್ಲ ಸೇರಿ ಬರೆಯುವ ಒಂದು ಕರ್ನೆಲ್ ಇದೆ. ಅದರಲ್ಲಿ ಸಂಖ್ಯೆ ಇಡಲು ‘ಲಾಂಗ್’ ಎಂಬ ಪಾತ್ರೆ. ಹಳೆಯ ಯಂತ್ರದಲ್ಲಿ ಅದರ ಅಳತೆ ಮೂವತ್ತೆರಡು ಬಿಟ್, ಆಗಷ್ಟೇ ಬರತೊಡಗಿದ್ದ ಹೊಸದರಲ್ಲಿ ಅರವತ್ನಾಲ್ಕು. ಒಂದೇ ಹೆಸರಿಗೆ ಎರಡು ಅಳತೆ, ವೈನಿಗೆ ಇದನ್ನು ಸಹಿಸಲಾಗದು! ಕಂಡಕಂಡಲ್ಲಿ ‘ಲಾಂಗ್’ ಕಿತ್ತು, ಅಳತೆಯನ್ನು ಹೆಸರಲ್ಲೇ ಹೇಳುವ ಪಾತ್ರೆ ಇಡುತ್ತಾರೆ. ತಿದ್ದಿದವರ ಹೆಸರು ಅಲ್ಲಿ ಉಳಿಯುತ್ತದೆ.

ಅವ್ವ “ನಾಕ ಮಂದಿ ಊಟಕ್ಕ ಬರತಾರ” ಎಂದರೂ ಇದೇ ಕಥೆ.

“ನಾಕ ಅಂದ್ರ ಎಷ್ಟ ಮಂದಿರಿ ಅತ್ತಿ?”

ಅವ್ವ ಹಣೆ ಬಡಿದುಕೊಂಡಳು. ಬಂದವರು ಹನ್ನೊಂದು ಮಂದಿ!

ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು, ಉರಿದು ಬೂದಿಯಾಗುತ್ತಿದ್ದೆ. ಏನು ಮಹಾ, ನನ್ನಿಂದಾಗದ್ದೇ? ನಾನೂ ಆ ಕರ್ನೆಲ್‌ನಲ್ಲಿ ಒಂದು ತಪ್ಪು ಹುಡುಕಿ, ಕದ್ದುಮುಚ್ಚಿ ತಿದ್ದಿ, ಕಾಲೇಜಿನ ಹೊಸ ಯಂತ್ರದಲ್ಲಿ ಓಡಿಸಿದೆ. ಓಡಿತು! ಕಳಿಸಿಬಿಟ್ಟೆ. ನನ್ನ ಹೆಸರೂ ಒಮ್ಮೆ ಅಲ್ಲಿ ಬಂದರೆ ಅವ್ವನ ಬಾಯಿ ಮುಚ್ಚುತ್ತದೆ, ಅಷ್ಟು ಸಾಕಿತ್ತು.

ಕರ್ನೆಲ್ ನೋಡಿಕೊಳ್ಳುವವರಿಂದ ಉತ್ತರ ಬಂತು: ತಪ್ಪು ಹಿಡಿದದ್ದು ಸರಿ, ಆದರೆ ಹಳೆಯ ಯಂತ್ರದಲ್ಲಿ ಎಣಿಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಯಾಕೆ? ನಾನು ಇಟ್ಟದ್ದು ‘ಲಾಂಗ್’! ಆ ಪತ್ರಗಳನ್ನು ಜಗತ್ತೇ ಓದುತ್ತದೆ. ಜಗತ್ತಿನಲ್ಲಿ ನಮ್ಮ ವೈನಿಯೂ ಇದ್ದಾರಲ್ಲ! ನಾಲ್ಕು ದಿನ ಅವರೆದುರು ತಲೆಯೆತ್ತಲಿಲ್ಲ. ನಾನು ಆ ಗೊಡವೆಯನ್ನೇ ಬಿಟ್ಟೆ.

ತಿಂಗಳಾದ ಮೇಲೆ ಮತ್ತೊಂದು ಪತ್ರ: ತಿದ್ದುಪಡಿ ಸ್ವೀಕರಿಸಿದ್ದೇವೆ. ಯಾವ ತಿದ್ದುಪಡಿ ಮಾರಾಯರೇ? ನೋಡಿದರೆ ನನ್ನದೇ, ‘ಲಾಂಗ್’ ಇದ್ದಲ್ಲಿ ಮಾತ್ರ ಅರವತ್ನಾಲ್ಕು ಬಿಟ್ಟಿನ ಪಾತ್ರೆ. ಬರೆದವರು ಎಂಬಲ್ಲಿ ನನ್ನ ಹೆಸರು. ಹಳೆಯ ಯಂತ್ರದಲ್ಲಿ ಪರೀಕ್ಷಿಸಿ ಕಳಿಸಿದವರು ಎಂದು ಕೆಳಗೆ ವೈನಿಯ ಹೆಸರು.

ಅಡುಗೆಮನೆಗೆ ಓಡಿದೆ. ವೈನಿ ರೊಟ್ಟಿ ಬಡಿಯುತ್ತಿದ್ದರು.

“ನಿಮ್ಮ ಹೆಸರಲೆ ಕಳಸಬೇಕಿತ್ತಲ್ರಿ ವೈನಿ?”

“ತಪ್ಪ ಹುಡುಕಿದಾಂವ ನೀ. ನಾ ಅಳತಿ ಅಷ್ಟ ತಿದ್ದೇನಿ.” ಹಿಟ್ಟಿನ ಕೈ ನಿಂತಿತು. “ನೀ ಬರದದ್ದ ನೋಡಿ ಎಷ್ಟ ಖುಷಿ ಆತ ಗೊತ್ತೈತೇನ ತಮ್ಮಾ? ಈ ಮನಿಗಿ ಬಂದ ಹತ್ತ ವರ್ಷ ಆತು. ಏನ ಬರಿಯಾಕತ್ತಿ ಅಂತ ಒಬ್ರೂ ಕೇಳಿಲ್ಲ.”

ಹತ್ತು ವರ್ಷ ಅವರ ಹೆಸರು ನೋಡಿ ಉರಿದಿದ್ದೆ, ಅವರು ಬರೆದ ಒಂದು ಸಾಲನ್ನೂ ಓದಿರಲಿಲ್ಲ. ನಾಚಿಕೆಯಾಯಿತು. ಒಲೆಯ ಹತ್ತಿರವೇ ಮಣೆ ಎಳೆದುಕೊಂಡು ಕುಳಿತೆ.

“ಮೊದಲಿಂದ ಹೇಳ್ರಿ ವೈನಿ,” ಎಂದೆ.

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ವೈನಿ ಹೇಳುತ್ತಲೇ ಇದ್ದರು.